ಬಟ್ಟಲಿನ ಹಣ್ಣು, ಸೀಸೆಯ ಹಣ್ಣು

ಹೆಸರಿನ ಮುಂದೆ ‘ಡಾಕ್ಟರ್’ ಎಂದು ಬರೆದುಕೊಂಡವರಿಗೆ ನಮ್ಮ ಕನ್ನಡ ಕೂಟದಲ್ಲಿ ಬಿಡುವಿಲ್ಲ. ನಾನು ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದವಳು, ನಾಡಿ ಹಿಡಿಯುವ ಡಾಕ್ಟರಲ್ಲ ಎಂದು ಎಷ್ಟು ಸಲ ಹೇಳಿದರೂ, ಹಬ್ಬದೂಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗ ಯಾರಾದರೊಬ್ಬರು ಹತ್ತಿರ ಬಂದು ದನಿ ತಗ್ಗಿಸಿ ಕೇಳಿಯೇ ಕೇಳುತ್ತಾರೆ. ಈಚೆಗೆ ಈ ಪ್ರಶ್ನೆಗಳೆಲ್ಲ ಒಂದೇ ಜಾಡು ಹಿಡಿದಿವೆ. ‘ಈ ಬೆರಿ ಕ್ಯಾಪ್ಸೂಲ್ ತೊಗೊಂಡರೆ ಷುಗರ್ ಇಳಿಯತ್ತಂತೆ, ಲಿವರ್ ಶುದ್ಧಿ ಆಗತ್ತಂತೆ, ಹೌದೇನ್ರೀ?’ ಒಬ್ಬೊಬ್ಬರಿಗೆ ಒಂದೊಂದು ಅರೆಬರೆ ಉತ್ತರ ಕೊಡುವ ಬದಲು ಎಲ್ಲರಿಗೂ ಸೇರಿಸಿ ಒಮ್ಮೆ ಬರೆದುಬಿಡಿ ಎಂದು ಸಂಪಾದಕರು ಹೇಳಿದರು. ಅವರ ಮಾತಿಗೆ ಕಟ್ಟುಬಿದ್ದು ಈ ನಾಲ್ಕು ಹಾಳೆ.

ಈ ಪ್ರಶ್ನೆ ನನ್ನದೂ ಹೌದು. ನಾಲ್ಕು ವರ್ಷದ ಹಿಂದೆ ಮಗಳು ಹೊಟ್ಟೆಯಲ್ಲಿದ್ದಾಗ ನನಗೆ ಬಸುರಿಯರಿಗೆ ಬರುವ ಸಕ್ಕರೆ ಕಾಯಿಲೆ ಬಂದಿತ್ತು. ಹೆರಿಗೆಯಾದ ಮೇಲೆ ಅದು ಹೋಯಿತು. ಆದರೆ ಹಾಗೆ ಬಂದು ಹೋದವರಿಗೆ ಮುಂದೆ ಕಾಯಂ ಸಕ್ಕರೆ ಕಾಯಿಲೆ ಹಿಡಿಯುವ ಸಂಭವ ಬಾರದವರಿಗಿಂತ ಏಳು ಪಟ್ಟಿಗೂ ಹೆಚ್ಚು ಎಂದು 2009ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಬರೆದಿದ್ದಾರೆ. ಹೋದ ಚಳಿಗಾಲದಲ್ಲಿ ನನ್ನ ‘ಎ-ಒನ್-ಸಿ’ 5.9 ಬಂತು, ಬರಿಹೊಟ್ಟೆಯ ಸಕ್ಕರೆ 108. ಹೊಟ್ಟೆಯ ಸ್ಕ್ಯಾನ್ ಮಾಡಿದವರು ಯಕೃತ್ತಿನಲ್ಲಿ ಕೊಬ್ಬು ಕೂತಿದೆ ಎಂದು ಚೀಟಿ ಬರೆದರು. ಅಲ್ಲಿಗೆ ನಾನು ಪ್ರೀ-ಡಯಾಬಿಟೀಸ್ ಎಂಬ ಹೊಸ್ತಿಲ ಮೇಲೆ ನಿಂತವಳಾದೆ. ಈ ದೇಶದ ಲೆಕ್ಕದಲ್ಲಿ ಎ-ಒನ್-ಸಿ 5.7ರಿಂದ 6.4, ಇಲ್ಲವೇ ಬರಿಹೊಟ್ಟೆಯ ಸಕ್ಕರೆ 100ರಿಂದ 125 ಇದ್ದರೆ ಆ ಹೊಸ್ತಿಲು. ನಮ್ಮ ಕೂಟದಲ್ಲಿ ಈ ಹೊಸ್ತಿಲ ಮೇಲೆ ನಿಂತವರನ್ನು ಎಣಿಸಿದರೆ ಒಂದು ಸಭಾಂಗಣ ತುಂಬಬಹುದೇನೋ!

ಸುದ್ದಿ ತಿಳಿದ ವಾರದಲ್ಲೇ ನನ್ನ ಯಜಮಾನರು ಪ್ರೀತಿಯಿಂದ ಒಂದು ಸೀಸೆ ತಂದು ಅಡಿಗೆಮನೆಯ ಕಟ್ಟೆಯ ಮೇಲಿಟ್ಟರು. ಊರಿನಿಂದ ಅಮ್ಮ ನೇರಳೆ ಬೀಜದ ಪುಡಿ ಕಳಿಸುತ್ತೇನೆಂದರು. ಸೀಸೆಯ ಮೇಲೆ ನೀಲಿ ಹಣ್ಣಿನ ಚಿತ್ರ, ಪಕ್ಕದಲ್ಲಿ ‘ಯಕೃತ್ತಿನ ಆರೋಗ್ಯಕ್ಕೆ ಬೆಂಬಲ’ ಎಂಬ ಮಾತು. ‘ಬೆಂಬಲ’ ಅನ್ನುವುದು ಬಹಳ ಜಾಣ ಶಬ್ದ. 1994ರ ಕಾನೂನಿನ ಪ್ರಕಾರ ಇಲ್ಲಿ ಇಂಥ ಪೂರಕಗಳನ್ನು ಮಾರುವವರು ಅವು ಕೆಲಸ ಮಾಡುತ್ತವೆಂದು ಮಾರಾಟಕ್ಕೆ ಮುಂಚೆ ಸರ್ಕಾರಕ್ಕೆ ರುಜುವಾತು ಕೊಡಬೇಕಾಗಿಲ್ಲ. ರೋಗ ವಾಸಿಮಾಡುತ್ತೇನೆ ಎನ್ನುವ ಹಾಗಿಲ್ಲ, ಅಷ್ಟೆ. ಆದ್ದರಿಂದ ವಾಸಿ ಮಾಡದೆ, ‘ಬೆಂಬಲ’ ಕೊಡುತ್ತಾರೆ.

ಮೊದಲು ಹಣ್ಣಿನ ವಿಚಾರ. ಸಸ್ಯಶಾಸ್ತ್ರದವರನ್ನು ಕೇಳಿದರೆ ಸ್ಟ್ರಾಬೆರಿ, ರಾಸ್ಪ್‌ಬೆರಿ ನಿಜವಾದ ಬೆರಿಗಳೇ ಅಲ್ಲ. ಬಾಳೆಹಣ್ಣು, ಟೊಮೇಟೊ, ನಮ್ಮ ಬದನೆಕಾಯಿ ಬೆರಿಗಳು! ಹಾಗಾದರೆ ವಾಂಗೀಬಾತ್ ತಿಂದರೂ ಬೆರಿ ತಿಂದ ಹಾಗಾಯಿತಲ್ಲ ಎಂದು ನೀವು ನಗಬಹುದು. ಆ ನಗೆಯಲ್ಲಿ ಒಂದಿಷ್ಟು ಸತ್ಯವೂ ಇದೆ. ಬ್ಲೂಬೆರಿಯ ನೀಲಿ, ನೇರಳೆಹಣ್ಣು ತಿಂದ ನಾಲಿಗೆಯ ಬಣ್ಣ, ಬದನೆಕಾಯಿಯ ಸಿಪ್ಪೆ, ಕೆಂಪು ಕೋಸು ಇವೆಲ್ಲಕ್ಕೂ ಬಣ್ಣ ಕೊಡುವುದು ಆಂಥೋಸಯನಿನ್ ಎಂಬ ಒಂದೇ ಮನೆತನದ ರಾಸಾಯನಿಕಗಳು. ನನ್ನ ಪ್ರಬಂಧಕ್ಕಾಗಿ ಐದು ವರ್ಷ ಇವುಗಳ ಹಿಂದೆಯೇ ಅಲೆದವಳು ನಾನು. ಮಕ್ಕಳಿಗೆ ತೋರಿಸಲು ಚೆನ್ನಾಗಿರುತ್ತದೆ, ಮಾಡಿ ನೋಡಿ: ನಾಲ್ಕು ಬ್ಲೂಬೆರಿ ಜಜ್ಜಿ ನೀರು ಬೆರೆಸಿ ಎರಡು ಲೋಟಕ್ಕೆ ಹಾಕಿ. ಒಂದಕ್ಕೆ ನಿಂಬೆರಸ ಹಿಂಡಿದರೆ ಕೆಂಪಾಗುತ್ತದೆ, ಇನ್ನೊಂದಕ್ಕೆ ಚಿಟಿಕೆ ಅಡಿಗೆ ಸೋಡ ಹಾಕಿದರೆ ನೀಲಿ-ಹಸಿರಿಗೆ ತಿರುಗುತ್ತದೆ. ಯಜಮಾನರು ತಂದ ಕ್ಯಾಪ್ಸೂಲನ್ನೂ ಒಡೆದು ಹೀಗೇ ಪರೀಕ್ಷಿಸಿದೆ. ಬಣ್ಣ ತಿರುಗಿತು. ಅಂದರೆ ಒಳಗೆ ಆ ಬಣ್ಣವೇನೋ ಇತ್ತು. ಆದರೆ ಬಣ್ಣ ಇದೆ ಎಂಬುದಕ್ಕೂ ಅದರಿಂದ ಕೆಲಸ ಆಗುತ್ತದೆ ಎಂಬುದಕ್ಕೂ ನಡುವೆ ಬಹಳ ದೂರ.

ಈ ಹಣ್ಣಿಗೂ ನಾವಿರುವ ನ್ಯೂಜೆರ್ಸಿಗೂ ಹಳೆಯ ನಂಟು. ಒಂದು ಕಾಲಕ್ಕೆ ಬ್ಲೂಬೆರಿ ಕಾಡಿನಲ್ಲಿ ಆರಿಸಿ ತರುವ ಹಣ್ಣೇ ಆಗಿತ್ತು, ನಮ್ಮ ಮಲೆನಾಡಿನ ಕವಳೆಹಣ್ಣಿನ ಹಾಗೆ. ವೈಟ್ಸ್‌ಬಾಗ್ ಎಂಬಲ್ಲಿ ಕ್ರ್ಯಾನ್‌ಬೆರಿ ಬೆಳೆಯುತ್ತಿದ್ದ ಮನೆತನದ ಎಲಿಜಬೆತ್ ವೈಟ್ ಎಂಬಾಕೆ, ಸರ್ಕಾರದ ಸಸ್ಯತಜ್ಞ ಫ್ರೆಡರಿಕ್ ಕೋವಿಲ್ ಅವರ ಬರಹ ಓದಿ, ನಮ್ಮ ಜಮೀನಿಗೆ ಬಂದು ಪ್ರಯೋಗ ಮಾಡಿ ಎಂದು 1911ರಲ್ಲಿ ಕರೆದರು. ಈ ಗಿಡಕ್ಕೆ ಹುಳಿಮಣ್ಣೇ ಬೇಕು, ಒಳ್ಳೆಯ ತೋಟದ ಮಣ್ಣು ಒಗ್ಗದು ಎಂಬುದನ್ನು ಕಂಡುಹಿಡಿದವರು ಕೋವಿಲ್. ಕಾಡಿನಲ್ಲಿ ದಪ್ಪ ಹಣ್ಣಿನ ಗಿಡ ತೋರಿಸಿದವರಿಗೆ ಎಲಿಜಬೆತ್ ಹಣ ಕೊಟ್ಟು, ಗಿಡಕ್ಕೆ ಅವರ ಹೆಸರನ್ನೇ ಇಟ್ಟರಂತೆ. 1916ರಲ್ಲಿ ಸಾಗುವಳಿ ಮಾಡಿದ ಮೊದಲ ಬ್ಲೂಬೆರಿ ಮಾರುಕಟ್ಟೆಗೆ ಬಂತು. ಇವತ್ತು ಜುಲೈ ತಿಂಗಳಲ್ಲಿ ಹ್ಯಾಮಂಟನ್ ಕಡೆ ಹೋಗಿ ಬಕೆಟ್ ತುಂಬ ಕಿತ್ತು ತರುತ್ತೇವಲ್ಲ, ಅದಕ್ಕೆ ಇದೇ ಮೂಲ.

ಇನ್ನು ಯಕೃತ್ತು. ಅದನ್ನು ಹಳೆಯ ಮನೆಯ ಕಣಜ ಎಂದುಕೊಳ್ಳಿ. ಉಂಡಾಗ ಬಂದ ಸಕ್ಕರೆಯನ್ನು ತುಂಬಿಕೊಳ್ಳುತ್ತದೆ, ರಾತ್ರಿ ನಾವು ಮಲಗಿದಾಗ ಸ್ವಲ್ಪ ಸ್ವಲ್ಪವಾಗಿ ಅಳೆದು ರಕ್ತಕ್ಕೆ ಬಿಡುತ್ತದೆ. ಬಾಗಿಲು ಯಾವಾಗ ತೆಗೆಯಬೇಕು, ಯಾವಾಗ ಹಾಕಬೇಕು ಎಂದು ಹೇಳುವ ಪಾರುಪತ್ಯಗಾರ ಇನ್ಸುಲಿನ್. ಕಣಜ ತುಂಬಿ ತುಳುಕಿದ ಮೇಲೂ ಅನ್ನ, ಸಿಹಿ, ಜ್ಯೂಸು ಬಂದು ಬೀಳುತ್ತಲೇ ಇದ್ದರೆ ಯಕೃತ್ತು ಹೆಚ್ಚಿನದನ್ನು ಕೊಬ್ಬಾಗಿ ಮಾಡುತ್ತದೆ. ಆ ಕೊಬ್ಬು ಅಲ್ಲೇ ಕೂತಷ್ಟೂ ಯಕೃತ್ತಿಗೆ ಇನ್ಸುಲಿನ್ನಿನ ಮಾತು ಕೇಳಿಸದಾಗುತ್ತದೆ. ಬಾಗಿಲು ಹಾಕು ಎಂದರೂ ಹಾಕುವುದಿಲ್ಲ. ರಾತ್ರಿಯೆಲ್ಲ ಏನೂ ತಿನ್ನದಿದ್ದರೂ ಬೆಳಿಗ್ಗೆ ಸಕ್ಕರೆ ಏಕೆ ಹೆಚ್ಚು ಎಂದು ನಮ್ಮಲ್ಲಿ ಹಲವರು ಕೇಳುತ್ತೀರಲ್ಲ, ಅದಕ್ಕೆ ಮುಖ್ಯ ಕಾರಣ ಇದೇ. ಮದ್ಯ ಮುಟ್ಟದವರಿಗೂ ಬರುವ ಈ ಕೊಬ್ಬಿನ ಯಕೃತ್ತಿಗೆ 2023ರಲ್ಲಿ ತಜ್ಞರು ಹೆಸರನ್ನೇ ಬದಲಿಸಿ, ಚಯಾಪಚಯ ಕೆಟ್ಟು ಬರುವ ಕಾಯಿಲೆ ಎಂದು ಕರೆದರು. ನಮ್ಮ ಜನರಿಗೆ ಕೊಬ್ಬು ಹೊಟ್ಟೆಯ ಸುತ್ತ ಮತ್ತು ಯಕೃತ್ತಿನಲ್ಲಿ ಬೇಗ ಸೇರುತ್ತದೆ. ತೆಳ್ಳಗೆ ಕಾಣುವವರಿಗೂ ಇದು ತಪ್ಪಿದ್ದಲ್ಲ. ಅದಕ್ಕೇ ಇಲ್ಲಿಯ ಡಯಾಬಿಟೀಸ್ ಸಂಘದವರು, ಏಷ್ಯದ ಮೂಲದವರಾದರೆ ಬಿ.ಎಂ.ಐ. 25ಕ್ಕೆ ಕಾಯದೆ 23ಕ್ಕೇ ಪರೀಕ್ಷೆ ಮಾಡಿಸಿ ಎನ್ನುತ್ತಾರೆ.

ಈಗ ಇವೆರಡನ್ನೂ ಕೂಡಿಸೋಣ: ಹಣ್ಣು ಯಕೃತ್ತಿಗೂ ಸಕ್ಕರೆಗೂ ಏನು ಮಾಡುತ್ತದೆ? ಮಾಡುತ್ತದೆ ಎನ್ನುವ ಪ್ರಯೋಗಗಳಿವೆ. 2010ರಲ್ಲಿ ಲೂಯಿಸಿಯಾನದ ಬ್ಯಾಟನ್ ರೂಜ್‌ನಲ್ಲಿ, ತೂಕ ಹೆಚ್ಚಿದ್ದು ಇನ್ಸುಲಿನ್ ಸರಿಯಾಗಿ ನಾಟದ 32 ಜನರನ್ನು ಆರಿಸಿ, ಅರ್ಧದಷ್ಟು ಜನಕ್ಕೆ ಆರು ವಾರ ದಿನಕ್ಕೆ 45 ಗ್ರಾಂ ಒಣ ಬ್ಲೂಬೆರಿ ಪುಡಿ ಬೆರೆಸಿದ ಪಾನೀಯ ಕೊಟ್ಟರು. ಅವರಲ್ಲಿ ನೂರಕ್ಕೆ 67 ಜನರಿಗೆ ಇನ್ಸುಲಿನ್ ನಾಟುವಿಕೆ ಶೇಕಡ 10ರಷ್ಟಾದರೂ ಸುಧಾರಿಸಿತು. ಬರಿಯ ಪಾನೀಯ ಕುಡಿದವರಲ್ಲಿ ಹಾಗಾದದ್ದು ನೂರಕ್ಕೆ 41 ಜನರಿಗೆ. ಚೀನದಲ್ಲಿ 2015ರಲ್ಲಿ ಕೊಬ್ಬಿನ ಯಕೃತ್ತಿನ 74 ಜನರ ಮೇಲೆ ನಡೆದ ಪ್ರಯೋಗದಲ್ಲಿ, ಶುದ್ಧೀಕರಿಸಿದ ಆಂಥೋಸಯನಿನ್ ದಿನಕ್ಕೆ 320 ಮಿಲಿಗ್ರಾಂನಂತೆ 12 ವಾರ ತೆಗೆದುಕೊಂಡವರಿಗೆ, ಯಕೃತ್ತು ನೊಂದಾಗ ರಕ್ತದಲ್ಲಿ ಏರುವ ಎ.ಎಲ್.ಟಿ. ಎಂಬ ಅಂಶ ಇಳಿಯಿತು. ಸಕ್ಕರೆ ನೀರು ಕುಡಿಸಿ ಎರಡು ಗಂಟೆಯ ಮೇಲೆ ನೋಡುವ ಲೆಕ್ಕವೂ ಇಳಿಯಿತು.

ಆದರೆ ಇನ್ನೊಂದು ಕಡೆಯನ್ನೂ ನೋಡಬೇಕಲ್ಲ. ಇಂಗ್ಲೆಂಡಿನ ಈಸ್ಟ್ ಆಂಗ್ಲಿಯ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 115 ಜನ, ಆರು ತಿಂಗಳು. ದಿನಕ್ಕೆ ಒಂದು ಕಪ್ ಬ್ಲೂಬೆರಿಗೆ ಸಮನಾದ ಪುಡಿ ತಿಂದವರಿಗೆ ರಕ್ತನಾಳಗಳು ಮೆತ್ತಗಾಗಿ ಚೆನ್ನಾಗಿ ಕೆಲಸ ಮಾಡಿದವು. ಇನ್ಸುಲಿನ್ ವಿಚಾರದಲ್ಲಿ ಮಾತ್ರ ಏನೂ ವ್ಯತ್ಯಾಸವಾಗಲಿಲ್ಲ. ಲೂಯಿಸಿಯಾನಕ್ಕಿಂತ ಜನ ಹೆಚ್ಚು, ಕಾಲ ನಾಲ್ಕು ಪಟ್ಟು, ಫಲ ಸಕ್ಕರೆಗೆ ಸೊನ್ನೆ. ಈ ಎರಡು ಪ್ರಯೋಗಗಳಿಗೂ ಬ್ಲೂಬೆರಿ ಬೆಳೆಗಾರರ ಮಂಡಳಿಯ ಧನಸಹಾಯ ಇತ್ತೆಂಬುದನ್ನೂ ಹೇಳಬೇಕು. ಹಾಗೆಂದು ಅವು ಸುಳ್ಳಾಗುವುದಿಲ್ಲ. ತಮಗೆ ಅನುಕೂಲವಲ್ಲದ ಸೊನ್ನೆಯನ್ನೂ ಬರೆದು ಪ್ರಕಟಿಸಿದ್ದಾರೆಂದರೆ ಅದು ಮೆಚ್ಚತಕ್ಕ ಮಾತು. ಒಟ್ಟಿನಲ್ಲಿ ಹಣ್ಣಿಗೆ ಶಕ್ತಿ ಉಂಟು, ಅದು ಚಿಕ್ಕದು, ಎಲ್ಲರಲ್ಲೂ ಕಾಣುವುದಿಲ್ಲ. ಬಣ್ಣ ಬಣ್ಣವಾಗಿಯೇ ರಕ್ತ ಸೇರುವುದು ಬಹಳ ಕಡಿಮೆ. ಹೆಚ್ಚಿನ ಭಾಗ ಕರುಳಿನ ಸೂಕ್ಷ್ಮಜೀವಿಗಳ ಪಾಲಾಗಿ, ಅವು ಮುರಿದು ಕೊಟ್ಟ ಚೂರುಗಳು ನಮಗೆ ದಕ್ಕುತ್ತವೆ. ಆ ಜೀವಿಗಳು ಒಬ್ಬೊಬ್ಬರ ಹೊಟ್ಟೆಯಲ್ಲಿ ಒಂದೊಂದು ಬಗೆ.

ಅಳತೆಯನ್ನೂ ಗಮನಿಸಿ. ಲೂಯಿಸಿಯಾನದವರು ಕೊಟ್ಟ ಪುಡಿ ಎಂದರೆ ದಿನಕ್ಕೆ ಸುಮಾರು ಎರಡು ಕಪ್ ತಾಜಾ ಹಣ್ಣು. ನಮ್ಮ ಮನೆಯ ಸೀಸೆಯಲ್ಲಿದ್ದ ಕ್ಯಾಪ್ಸೂಲಿನಲ್ಲಿ ಹಿಡಿಸಿದ್ದ ಪುಡಿ ಅರ್ಧ ಗ್ರಾಂ. ಹಣ್ಣಿನ ಪುಡಿಯೇ ತುಂಬಿದ್ದರೆ 45 ಗ್ರಾಂ ಆಗಲು ದಿನಕ್ಕೆ 90 ಕ್ಯಾಪ್ಸೂಲು ನುಂಗಬೇಕು! ಬಣ್ಣವನ್ನು ಸಾರ ತೆಗೆದು ತುಂಬಿದ್ದಾದರೆ ಲೆಕ್ಕ ಬೇರೆ. ಆಗ ಆಂಥೋಸಯನಿನ್ ಎಷ್ಟು ಮಿಲಿಗ್ರಾಂ ಎಂದು ಸೀಸೆಯ ಮೇಲೆ ಬರೆದಿರಬೇಕು. ನಾನು ಕನ್ನಡಕ ಹಾಕಿಕೊಂಡು ಹುಡುಕಿದೆ, ಬರೆದಿರಲಿಲ್ಲ.

ಸಾರ ತೆಗೆದದ್ದು ಎಂದಕೂಡಲೆ ನನಗೆ ನಮ್ಮ ಕಡೆಯ ಉಪ್ಪಾಗೆ ನೆನಪಾಗುತ್ತದೆ. ಉತ್ತರ ಕನ್ನಡದ ಕಾಡಿನ ಹುಳಿಹಣ್ಣು. ಸಿಪ್ಪೆ ಒಣಗಿಸಿಟ್ಟುಕೊಂಡು ಅಡಿಗೆಗೆ ಹುಳಿ ಮಾಡುವುದು ತಲೆಮಾರಿನಿಂದ ಬಂದದ್ದು. ಅದರ ಆಮ್ಲವನ್ನು ಬೇರ್ಪಡಿಸಿ, ‘ಗಾರ್ಸೀನಿಯ ಕಂಬೋಜಿಯ’ ಎಂಬ ಹೆಸರಿನಲ್ಲಿ ತೂಕ ಇಳಿಸುವ ಮಾತ್ರೆಯಾಗಿ ಇಲ್ಲಿ ಮಾರಿದರು. 1998ರಲ್ಲಿ 135 ಜನರ ಮೇಲೆ 12 ವಾರ ಪರೀಕ್ಷಿಸಿದಾಗ ಹುಸಿಮಾತ್ರೆಗಿಂತ ಹೆಚ್ಚೇನೂ ತೂಕ ಇಳಿಯಲಿಲ್ಲ. ಆಮೇಲಿನ ವರ್ಷಗಳಲ್ಲಿ ಇಂಥ ಮಾತ್ರೆ ತಿಂದು ಯಕೃತ್ತು ಕೆಟ್ಟವರ ಪ್ರಕರಣಗಳು ಇದೇ ದೇಶದಲ್ಲಿ ದಾಖಲಾದವು. ಅಜ್ಜಿಯ ಸಾರಿಗೆ ಹಾಕುವ ಎರಡು ಸಿಪ್ಪೆಗೂ ಸೀಸೆಯಲ್ಲಿ ಇಳಿಸಿದ ಸಾರಕ್ಕೂ ಇರುವ ದೂರ ಅದು. ಬ್ಲೂಬೆರಿ ಕ್ಯಾಪ್ಸೂಲಿಗೆ ಅಂಥ ಅಪಖ್ಯಾತಿಯಿಲ್ಲ. ಆದರೆ ‘ಯಕೃತ್ತಿಗೆ ಬೆಂಬಲ’ ಎಂಬ ಒಂದೇ ಸೀಸೆಯಲ್ಲಿ ಹತ್ತು ಸೊಪ್ಪು, ಹನ್ನೊಂದು ಬೇರು ಕೂಡಿಸಿ ಮಾರುವವರಿದ್ದಾರೆ. ಏನೇ ನುಂಗಿದರೂ ನಿಮ್ಮ ವೈದ್ಯರಿಗೆ ಮುಚ್ಚಿಡದೆ ಹೇಳಿ. ಯಾವ ಸಾರವೇ ಆಗಲಿ, ಅದನ್ನು ಕರಗಿಸಬೇಕಾದದ್ದು ಅದೇ ಬಡ ಯಕೃತ್ತು.

ಹಾಗಾದರೆ ದಾರಿ ಯಾವುದು? ಈ ಹೊಸ್ತಿಲಿನಿಂದ ಹಿಂದಕ್ಕೆ ಬರುವ ದಾರಿಯನ್ನು ಅಳೆದು ನೋಡಿದವರಿದ್ದಾರೆ. 2002ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗದಲ್ಲಿ ಹೊಸ್ತಿಲ ಮೇಲಿನ 3,234 ಜನರನ್ನು ಸರಾಸರಿ 2.8 ವರ್ಷ ಗಮನಿಸಿದರು. ತೂಕದಲ್ಲಿ ಶೇಕಡ 7 ಇಳಿಸಿ, ವಾರಕ್ಕೆ 150 ನಿಮಿಷ ನಡೆಯುವ ಗುರಿ ಇಟ್ಟುಕೊಂಡವರಲ್ಲಿ ಸಕ್ಕರೆ ಕಾಯಿಲೆ ಶೇಕಡ 58ರಷ್ಟು ಕಡಿಮೆಯಾಯಿತು. ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಂಡವರಲ್ಲಿ ಶೇಕಡ 31. ಬಸುರಿಯಲ್ಲಿ ಸಕ್ಕರೆ ಬಂದು ಹೋಗಿದ್ದ ಹೆಂಗಸರಲ್ಲಿ ಎರಡೂ ಸರಿಸುಮಾರು ಅರ್ಧಕ್ಕೆ ಇಳಿಸಿದವು. ಆ ಸಾಲನ್ನು ನಾನು ಎರಡು ಸಲ ಓದಿದೆ. ಅದು ಅಮೆರಿಕದವರ ಮೈಗೆ ಎನ್ನಬೇಡಿ. 2006ರಲ್ಲಿ ಚೆನ್ನೈಯವರು ನಮ್ಮ ಜನರೇ ಆದ 531 ಮಂದಿಯಲ್ಲಿ ನೋಡಿದಾಗ, ಊಟ-ನಡಿಗೆಯ ತಿದ್ದುಪಡಿಯಿಂದ ಶೇಕಡ 28.5, ಮಾತ್ರೆಯಿಂದ ಶೇಕಡ 26.4 ಕಡಿಮೆಯಾಗಿತ್ತು. ಯಕೃತ್ತಿನ ಕೊಬ್ಬಿನದೂ ಇದೇ ಕಥೆ. ತೂಕದಲ್ಲಿ ಶೇಕಡ 5 ಇಳಿದರೆ ಕೊಬ್ಬು ಕರಗತೊಡಗುತ್ತದೆ, ಶೇಕಡ 7ರಿಂದ 10 ಇಳಿದರೆ ಉರಿಯೂತವೂ ತಗ್ಗುತ್ತದೆ. ಯಾವ ಬೆರಿಯೂ ಈ ಲೆಕ್ಕದ ಹತ್ತಿರ ಬಂದಿಲ್ಲ.

ಆದ್ದರಿಂದ ಬೆರಿ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಯನ್ನು ನಾನು ಬಿಟ್ಟಿದ್ದೇನೆ. ಅದು ಯಾವುದರ ಜಾಗಕ್ಕೆ ಬಂತು ಎಂದು ಕೇಳುತ್ತೇನೆ. ಒಂದು ಕಪ್ ಬ್ಲೂಬೆರಿಯಲ್ಲಿ ಸುಮಾರು 84 ಕ್ಯಾಲೊರಿ, 15 ಗ್ರಾಂ ಸಕ್ಕರೆ, ಮೂರೂವರೆ ಗ್ರಾಂ ನಾರು. ಸಂಜೆಯ ಕಾಫಿಯ ಜೊತೆಗಿನ ಚಕ್ಕುಲಿ, ಮಿಕ್ಸ್‌ಚರಿನ ಜಾಗಕ್ಕೆ, ಇಲ್ಲವೇ ಊಟದ ಮೇಲಿನ ಪಾಯಸದ ಜಾಗಕ್ಕೆ ಅದು ಬಂದರೆ ಲಾಭ. ಅವೆಲ್ಲ ಇದ್ದು ಅದರ ಮೇಲೆ ಇದೂ ಬಂದರೆ 84 ಕ್ಯಾಲೊರಿ ಹೆಚ್ಚಾಯಿತು, ಅಷ್ಟೆ. 2013ರಲ್ಲಿ ಅಮೆರಿಕದ ಸುಮಾರು 1,87,000 ಜನರ ವರ್ಷಗಟ್ಟಲೆಯ ಲೆಕ್ಕ ನೋಡಿದಾಗ, ವಾರಕ್ಕೆ ಮೂರು ಸಲ ಬ್ಲೂಬೆರಿ ತಿನ್ನುವವರಲ್ಲಿ ಸಕ್ಕರೆ ಕಾಯಿಲೆಯ ಸಂಭವ ಶೇಕಡ 26 ಕಡಿಮೆ ಕಂಡಿತು. ಅಷ್ಟೇ ಸಲ ಹಣ್ಣಿನ ಜ್ಯೂಸ್ ಕುಡಿಯುವವರಲ್ಲಿ ಶೇಕಡ 8 ಹೆಚ್ಚು. ಬ್ಲೂಬೆರಿ ತಿನ್ನುವವರು ಬೇರೆ ವಿಷಯಗಳಲ್ಲೂ ಹಿತಮಿತದವರಿರಬಹುದು, ಆದ್ದರಿಂದ ಪೂರ್ಣ ಶ್ರೇಯಸ್ಸು ಹಣ್ಣಿಗೇ ಕೊಡಲಾಗದು. ಜ್ಯೂಸು ಹಣ್ಣಲ್ಲ ಎಂಬ ಪಾಠವನ್ನಂತೂ ಇಟ್ಟುಕೊಳ್ಳಬಹುದು. ಸಿಹಿ ಬೆರೆಸಿ ಒಣಗಿಸಿದ ಕ್ರ್ಯಾನ್‌ಬೆರಿಯೂ ಹಾಗೆಯೇ. ತೂಕದ ಸುಮಾರು ಮೂರನೇ ಎರಡು ಪಾಲು ಸಕ್ಕರೆ.

ಜಾಗದ ಮಾತನ್ನು ಇಷ್ಟು ಒತ್ತಿ ಹೇಳಲು ಇನ್ನೊಂದು ಕಾರಣವಿದೆ. ನಮ್ಮ ತಂದೆ ತಿಪಟೂರಿನ ಕಡೆ ಹೈಸ್ಕೂಲು ಮೇಷ್ಟರಾಗಿದ್ದರು. ಸಕ್ಕರೆ ಕಾಯಿಲೆ ಎಂದು ತಿಳಿದಾಗ ಅವರಿಗೆ 48. ಬಂದವರೆಲ್ಲ ಪ್ರೀತಿಯಿಂದ ಒಂದೊಂದು ಹೇಳಿದರು: ನೇರಳೆ ಬೀಜ, ಹಾಗಲಕಾಯಿ ರಸ, ಅಮೃತಬಳ್ಳಿ, ಹೊನ್ನೆ ಮರದ ಲೋಟದಲ್ಲಿ ನೆನೆಸಿಟ್ಟ ನೀರು. ಅವರು ಒಂದನ್ನೂ ಬಿಡದೆ ಶ್ರದ್ಧೆಯಿಂದ ಮಾಡಿದರು. ವೈದ್ಯರು ಬರೆದ ಮಾತ್ರೆಯ ಚೀಟಿ ಪಂಚಾಂಗದೊಳಗೆ ಉಳಿಯಿತು. ಆ ಪುಡಿಗಳಿಂದ ಅವರಿಗೆ ಕೇಡಾಗಲಿಲ್ಲ. ಅವು ತಿಂದುಹಾಕಿದ್ದು ಮೂರು ವರ್ಷಗಳನ್ನು. ಕಾಲಿನ ಗಾಯ ಮಾಯದೆ ಆಸ್ಪತ್ರೆಗೆ ಸೇರಿದಾಗ ಮೂತ್ರಪಿಂಡವೂ ಸೋತಿತ್ತು. 57ಕ್ಕೆ ಹೋದರು. ನಾನಾಗ ಎಂ.ಎಸ್ಸಿ. ಓದುತ್ತಿದ್ದೆ. ಅವರಿಗೆ ಪುಡಿ ಕೊಟ್ಟವರ ಮೇಲೆ ನನಗೆ ಸಿಟ್ಟಿಲ್ಲ. ಎಲ್ಲರೂ ಅವರು ಬದುಕಲೆಂದೇ ಕೊಟ್ಟರು.

ಇದನ್ನು ಏಕೆ ಬರೆಯುತ್ತಿದ್ದೇನೆಂದರೆ, ನಮ್ಮ ಕೂಟದಲ್ಲಿಯೇ ಮೂವರು ಬೆರಿ ಕ್ಯಾಪ್ಸೂಲ್ ಶುರು ಮಾಡಿ ಮೆಟ್‌ಫಾರ್ಮಿನ್ ನಿಲ್ಲಿಸಿದ್ದೇವೆ ಎಂದು ನನ್ನೊಡನೆ ಹೇಳಿದ್ದಾರೆ. ಹೆಸರು ಹೇಳುವುದಿಲ್ಲ. ಓದುತ್ತಿರುವ ನಿಮಗೆ ನೀವೇ ಎಂದು ಗೊತ್ತು. ಕ್ಯಾಪ್ಸೂಲ್ ತೆಗೆದುಕೊಳ್ಳಲೇಬೇಕೆಂದಿದ್ದರೆ ನಾನು ಜಗಳವಾಡುವುದಿಲ್ಲ. ಮಾತ್ರೆಯ ಜಾಗಕ್ಕೆ ಮಾತ್ರ ಅದನ್ನು ಕೂರಿಸಬೇಡಿ. ಬಿಡುವುದಾದರೆ ವೈದ್ಯರು ರಕ್ತ ನೋಡಿ ಬಿಡು ಎಂದಾಗ ಬಿಡಿ. ಈ ವಾರವೇ ಅವರಿಗೆ ಫೋನು ಮಾಡಿ ಎಂದು ತಂಗಿಯಾಗಿ ಬೇಡಿಕೊಳ್ಳುತ್ತೇನೆ.

ನಾನೇನು ಮಾಡುತ್ತಿದ್ದೇನೆಂದು ಕೇಳುವವರಿಗೆ: ಯಜಮಾನರು ತಂದ ಸೀಸೆಯನ್ನು ಅವರ ಮನಸ್ಸು ನೋಯದಂತೆ ಹಿಂದಕ್ಕೆ ಕಳಿಸಿದೆವು. ಆ ದುಡ್ಡಿಗೆ ಫ್ರೀಜರಿನಲ್ಲಿಡುವ ಬ್ಲೂಬೆರಿಯ ದೊಡ್ಡ ಚೀಲ ಬಂತು. ಹಣ್ಣು ತಾಜಾ ಇದ್ದರೂ ಹೆಪ್ಪುಗಟ್ಟಿಸಿದ್ದರೂ ಗುಣದಲ್ಲಿ ದೊಡ್ಡ ವ್ಯತ್ಯಾಸವಿಲ್ಲ, ಬೆಲೆಯಲ್ಲಿ ಇದೆ. ಬೆಳಿಗ್ಗೆ ಸಿಹಿಯಿಲ್ಲದ ಮೊಸರಿಗೆ ಒಂದು ಹಿಡಿ. ರಾತ್ರಿ ಅನ್ನ ಮೊದಲಿನ ಅರ್ಧ, ಆ ಜಾಗಕ್ಕೆ ಪಲ್ಯ, ಕೋಸಂಬರಿ. ಊಟವಾದ ಮೇಲೆ ಮಗಳನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಇಬ್ಬರೂ ಅರ್ಧ ಗಂಟೆ ನಡೆಯುತ್ತೇವೆ. ಹಿಮ ಬಿದ್ದ ದಿನ ಮಾಲ್‌ನೊಳಗೆ. ಐದು ತಿಂಗಳಲ್ಲಿ ಒಂಬತ್ತು ಪೌಂಡು ಇಳಿದಿದ್ದೇನೆ, ಎ-ಒನ್-ಸಿ 5.7ಕ್ಕೆ ಬಂದಿದೆ. ಹೊಸ್ತಿಲಿನಿಂದ ಕಾಲು ಪೂರ್ತಿ ಹಿಂದಕ್ಕೆ ಬಂದಿಲ್ಲ. ಇದರಲ್ಲಿ ಹಣ್ಣಿನ ಪಾಲೆಷ್ಟು, ನಡಿಗೆಯ ಪಾಲೆಷ್ಟು ಎಂದು ಬೇರ್ಪಡಿಸಿ ಹೇಳುವುದು ನನ್ನ ಪ್ರಯೋಗಶಾಲೆಯ ಯಾವ ಯಂತ್ರದಿಂದಲೂ ಆಗದು. ನಡಿಗೆಯದೇ ದೊಡ್ಡದೆಂದು ನನ್ನ ಅಂದಾಜು.

ಅಮ್ಮನ ನೇರಳೆ ಬೀಜದ ಪುಡಿಗೆ, ಕಳಿಸಬೇಡ, ಬದಲಿಗೆ ನೀನೂ ಹೋಗಿ ಎ-ಒನ್-ಸಿ ಮಾಡಿಸಿಕೊಂಡು ಬಾ ಎಂದು ಹೇಳಿದೆ. ಗೊಣಗಿಕೊಂಡೇ ಹೋದರು. ನೀವೂ ಊರಿಗೆ ಫೋನು ಮಾಡಿದಾಗ ಊಟವಾಯಿತೇ ಎಂದು ಕೇಳುವುದರ ಜೊತೆಗೆ ಇದನ್ನೂ ಒಂದು ಮಾತು ಕೇಳಿ. ಜುಲೈಯಲ್ಲಿ ಹಣ್ಣು ಕೀಳಲು ಹ್ಯಾಮಂಟನ್ನಿಗೆ ಹೋಗುವ ಯೋಚನೆ ಇದೆ. ಸಾಲುಗಳ ನಡುವೆ ನಡೆದಾಡಿ ಕೀಳುವುದರಿಂದ ಒಂದೆರಡು ಮೈಲಿ ನಡಿಗೆಯೂ ಆಗುತ್ತದೆ. ಬರುವವರು ಬಕೆಟ್ಟು, ಟೋಪಿ ತನ್ನಿ. ಬುತ್ತಿಯಲ್ಲಿ ಮೊಸರನ್ನ ಇರಲಿ, ಜಿಲೇಬಿ ಬೇಡ!